ಬಿಸಿಲೇರಿದರೆ ಚೀಲ ನುಂಗುತ್ತಿದ್ದ ಬೋರ್ಡು

ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹತ್ತಿರದಲ್ಲೇ ನಮ್ಮ ಕಾಕಾನ ದಾಲ್ ಮಿಲ್ ಇದೆ. ತೊಗರಿ ಬೇಳೆ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕಾಟಾದ ಮೇಲೆ ಇಟ್ಟು, ತೂಕ ಬರೆದುಕೊಂಡು ಲಾರಿಗೆ ಹಾಕುತ್ತಾರೆ. ಕಾಟಾದ ಇಂಡಿಕೇಟರ್ ಸಣ್ಣದು. ಎದುರು ನಿಂತವರಿಗೆ ಮಾತ್ರ ಅಂಕಿ ಕಾಣುತ್ತದೆ. ಲಾರಿ ಪಕ್ಕ ಕೂತ ಗುಮಾಸ್ತರು ಪ್ರತಿ ಚೀಲಕ್ಕೂ "ಎಷ್ಟ್ರಿ?" ಎಂದು ಕೂಗಬೇಕು, ಹಮಾಲರು ಕೂಗಿ ಹೇಳಬೇಕು. ಮಿಲ್ಲಿನ ಸದ್ದಿನಲ್ಲಿ ಐವತ್ತೂ ಐವತ್ತೊಂದೂ ಒಂದೇ ಥರ ಕೇಳಿಸುತ್ತವೆ. ಫೆಬ್ರವರಿಯಲ್ಲಿ ಒಂದು ದಿನ ಕಾಕಾ ಕೇಳಿದರು. "ಯವ್ವಾ, ದೂರದಿಂದ ಕಾಣೂ ಹಂಗ ಒಂದ್ ದೊಡ್ಡ ಬೋರ್ಡ್ ಮಾಡಿಕೊಡ್ಲಕ ಆಗ್ತದೇನು?"

ಆಗ್ತದ ಕಾಕಾ ಎಂದೆ. ಕಟ್ಟಲು ಎರಡು ವಾರ ಹಿಡಿಯಿತು. ಅದರಲ್ಲಿ ಸೇರಿಕೊಂಡ ತಪ್ಪು ಹುಡುಕಲು ಅದಕ್ಕಿಂತ ಜಾಸ್ತಿ ಹಿಡಿಯಿತು. ವೆರಿಲಾಗ್ (ಡಿಜಿಟಲ್ ಸರ್ಕ್ಯೂಟ್ ಬರೆಯುವ ಭಾಷೆ) ಕಲಿಯುತ್ತಿರುವ ಯಾರಿಗಾದರೂ ಉಪಯೋಗ ಆಗಲಿ ಎಂದು ನೋಟ್‌ಬುಕ್ ನೋಡಿಕೊಂಡು ಎಲ್ಲವನ್ನೂ ಬರೆಯುತ್ತಿದ್ದೇನೆ.

ಕಟ್ಟಿದ್ದು

ಇಂಡಿಕೇಟರ್ ಹಿಂದೆ ಒಂದು ಆರ್‌ಎಸ್-232 ಪೋರ್ಟ್ ಇದೆ, ಒಂದೇ ವೈರಿನಲ್ಲಿ ಒಂದಾದ ಮೇಲೊಂದು ಬಿಟ್ ಕಳುಹಿಸುವಂಥದ್ದು. ಚೀಲ ಇಟ್ಟು ತೂಕ ಸ್ಥಿರವಾದ ಮೇಲೆ ಅದು ಒಂದೇ ಒಂದು ಸಲ ಹತ್ತು ಅಕ್ಷರದ ಸಾಲು ಕಳುಹಿಸುತ್ತದೆ. ವೇಗ 9600 ಬಾಡ್ (ಸೆಕೆಂಡಿಗೆ 9600 ಬಿಟ್), 8 ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಇಲ್ಲ, 1 ಸ್ಟಾಪ್ ಬಿಟ್. ಕಾಟಾಗೆ ಸರ್ಕಾರದ ಮಾಪನ ಇಲಾಖೆಯ ಸೀಲ್ ಇರುತ್ತದೆ. ಅದನ್ನು ಬಿಚ್ಚುವ ಹಾಗಿಲ್ಲ, ನಾನು ಬಿಚ್ಚಲೂ ಇಲ್ಲ. ಪೋರ್ಟಿನಿಂದ ಹೊರಗೆ ಬರುವ ವೈರಷ್ಟೇ ನನ್ನದು.

ಬೋರ್ಡಿನೊಳಗೆ ಟ್ಯಾಂಗ್ ನ್ಯಾನೊ 9ಕೆ ಎಂಬ ಸಣ್ಣ ಎಫ್‌ಪಿಜಿಎ ಇದೆ, ಅಂದರೆ ಬೇಕಾದ ಸರ್ಕ್ಯೂಟನ್ನು ಕೋಡ್ ಬರೆದು ಒಳಗೆ ಕಟ್ಟಬಹುದಾದ ಚಿಪ್. ಅದರ ಮೇಲೆ 27 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ, ಅದರ ಬಡಿತವೇ ಚಿಪ್ಪಿನ ಗಡಿಯಾರ, ಅಂದರೆ ಕ್ಲಾಕ್. ಆರ್‌ಎಸ್-232 ವೋಲ್ಟೇಜನ್ನು 3.3 ವೋಲ್ಟಿಗೆ ಇಳಿಸಲು ಮ್ಯಾಕ್ಸ್3232 ಚಿಪ್, ನಾಲ್ಕು ಇಂಚಿನ ಐದು ಸೆವೆನ್ ಸೆಗ್ಮೆಂಟ್ ಅಂಕಿ, ಅವನ್ನು ಬೆಳಗಿಸಲು ಯುಎಲ್‌ಎನ್2803, ಒಂದು 12 ವೋಲ್ಟ್ ಸಪ್ಲೈ. ಡಬ್ಬಿಯನ್ನು ಗಂಜ್‌ನಲ್ಲೇ ತಗಡು ಕೆಲಸದವರು ಮಾಡಿಕೊಟ್ಟರು.

ಮೈಕ್ರೊಕಂಟ್ರೋಲರ್ ಸಾಕಿತ್ತಲ್ವಾ ಎಂದು ಕೇಳಬಹುದು. ಒಂದು ಕಾಟಾಗೆ ಸಾಕು. ಆದರೆ ಮಿಲ್ಲಿನಲ್ಲಿ ಮೂರು ಕಾಟಾ ಇವೆ. ಮೂರನ್ನೂ ಒಂದೇ ಬೋರ್ಡಿಗೆ ತರುವುದು ಮುಂದಿನ ಯೋಚನೆ. ಎಫ್‌ಪಿಜಿಎಯಲ್ಲಿ ಮೂರು ರಿಸೀವರ್ ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದಕ್ಕೆ ಕಾಯುವುದಿಲ್ಲ. ಮತ್ತೆ, ನಾನು ದಿನಾ ಲ್ಯಾಬ್‌ನಲ್ಲಿ ಹುಡುಗರಿಗೆ ವೆರಿಲಾಗ್ ಹೇಳಿಕೊಡುತ್ತೇನೆ. ಅದೇ ಭಾಷೆಯಲ್ಲಿ ನಿಜವಾದ ಕೆಲಸವೊಂದನ್ನು ಮಾಡಿ ತೋರಿಸಬೇಕು ಎಂಬ ಆಸೆ ಬಹಳ ದಿನದಿಂದ ಇತ್ತು.

ರಿಸೀವರ್ ಲೈನನ್ನು ಯಾವಾಗ ನೋಡುತ್ತದೆ

ಮುಂದಿನದೆಲ್ಲ ಇದರ ಮೇಲೆ ನಿಂತಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

9600 ಬಾಡ್‌ನಲ್ಲಿ ಒಂದು ಬಿಟ್ 104.17 ಮೈಕ್ರೊಸೆಕೆಂಡ್ ಇರುತ್ತದೆ. ಕಾಟಾದಿಂದ ಕ್ಲಾಕ್ ವೈರ್ ಬರುವುದಿಲ್ಲ, ಬರೀ ಡೇಟಾ ಬರುತ್ತದೆ. ಲೈನ್ ಸುಮ್ನೆ ಇದ್ದಾಗ 1. ಅದು 0ಗೆ ಬಿದ್ದರೆ ಸ್ಟಾರ್ಟ್ ಬಿಟ್ ಶುರು. ಅಲ್ಲಿಂದ ರಿಸೀವರ್ ತನ್ನ ಗಡಿಯಾರದಲ್ಲೇ ಎಣಿಸುತ್ತಾ ಹೋಗಿ, ಪ್ರತಿ ಬಿಟ್ಟಿನ ನಡುವೆ ಒಂದು ಸಲ ಲೈನ್ ನೋಡಬೇಕು. ಅಂಚಿನಲ್ಲಿ ನೋಡಿದರೆ ಕೆಟ್ಟಿತು. ಹಮಾಲರು ಚೀಲ ಇಳಿಸುತ್ತಿರುವಾಗಲೇ ಕಾಟಾ ಓದಿದರೆ ತೂಕ ಸರಿ ಬರುತ್ತದೆಯೇ? ಚೀಲ ಕೂತು, ಅಂಕಿ ನಿಂತ ಮೇಲೆ ಓದಬೇಕು. ಇದೂ ಹಾಗೆಯೇ.

ಅದಕ್ಕಾಗಿ ಒಂದು ಬಿಟ್ಟನ್ನು 16 ಟಿಕ್‌ಗಳಾಗಿ ಒಡೆಯುತ್ತೇವೆ. 27 ಮೆಗಾಹರ್ಟ್ಸನ್ನು 9600ರಿಂದಲೂ 16ರಿಂದಲೂ ಭಾಗಿಸಿದರೆ 175.78. ಪೂರ್ಣಸಂಖ್ಯೆ ಬೇಕು, ಹಾಗಾಗಿ 176. ಪ್ರತಿ 176 ಕ್ಲಾಕಿಗೆ ಒಂದು ಟಿಕ್. ಇದರಿಂದ ಬರುವ ತಪ್ಪು ಸುಮಾರು 0.12 ಪ್ರತಿಶತ, ಲೆಕ್ಕಕ್ಕೇ ಇಲ್ಲ. ಲೈನ್ 0 ಆದದ್ದು ಕಂಡ ಟಿಕ್‌ನಿಂದ 7 ಟಿಕ್ ಎಣಿಸಿ ಸ್ಟಾರ್ಟ್ ಬಿಟ್ ಖಚಿತ ಮಾಡಿಕೊಳ್ಳುತ್ತೇನೆ. ಆಮೇಲೆ ಪ್ರತಿ 16 ಟಿಕ್‌ಗೆ ಒಂದು ಬಿಟ್ ಓದುತ್ತೇನೆ. ಲೈನ್ ನಮ್ಮ ಕ್ಲಾಕಿಗೆ ಸಂಬಂಧವಿಲ್ಲದೆ ಬದಲಾಗುತ್ತದೆ, ಆದ್ದರಿಂದ ಮೊದಲು ಎರಡು ಫ್ಲಿಪ್-ಫ್ಲಾಪ್ (ಕ್ಲಾಕ್ ಬಡಿದಾಗ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ದಾಟಿಸಿಯೇ ಒಳಗೆ ಬಿಡುತ್ತೇನೆ. ಈ ಎರಡು ಫ್ಲಾಪ್ ಬಿಟ್ಟರೆ ಬೋರ್ಡ್ ಎಂದೋ ಒಂದು ದಿನ ಕಾರಣವೇ ಗೊತ್ತಾಗದ ಹಾಗೆ ತಪ್ಪು ಓದುತ್ತದೆ. ಇದನ್ನು ಯಾರೂ ಬಿಡಬೇಡಿ.

ಹತ್ತನೆಯದು ಸ್ಟಾಪ್ ಬಿಟ್. ಅದು 1 ಇರಲೇಬೇಕು. 0 ಸಿಕ್ಕರೆ ಆ ಅಕ್ಷರ ಕೆಟ್ಟದ್ದು. ಒಂದು ಅಕ್ಷರ ಕೆಟ್ಟರೆ ಇಡೀ ಸಾಲನ್ನು ಬಿಟ್ಟು ಹಳೆಯ ತೂಕವನ್ನೇ ತೋರಿಸುವ ಹಾಗೆ ಬರೆದಿದ್ದೆ. ಆಗ ಅದು ಜಾಣತನ ಅನ್ನಿಸಿತ್ತು. ಈಗ ಅದು ಎರಡನೇ ತಪ್ಪು ಎಂದು ಗೊತ್ತಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೋಡನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಷನ್ ಪಾಸ್ ಆಯಿತು. ಮಾರ್ಚ್ ಕೊನೆಗೆ ಬೋರ್ಡ್ ಗೋಡೆಗೆ ಏರಿತು.

ಏಪ್ರಿಲ್, ಮೂರನೇ ವಾರ

ಕಾಕಾ ಫೋನ್ ಮಾಡಿದರು. "ಯವ್ವಾ, ನಿನ್ ಬೋರ್ಡ್ ಮುಂಜಾನಿ ಛಲೋ ನಡೀತದ. ಬಿಸಲು ಏರಿತಂದ್ರ ಚೀಲಾ ನುಂಗ್ಲಕತ್ತದ ನೋಡು."

ಹೋಗಿ ನೋಡಿದೆ. ಗುಮಾಸ್ತರ ಪಟ್ಟಿಯಲ್ಲಿ ಮಧ್ಯಾಹ್ನದ ಹೊತ್ತು ಒಂದೇ ತೂಕ ಎರಡೆರಡು ಸಲ ಬಂದಿತ್ತು. ಎಲ್ಲ ಚೀಲವೂ ಐವತ್ತು ಕಿಲೊ ಆಸುಪಾಸೇ ಇರುವುದರಿಂದ ಎಷ್ಟೋ ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಂಡಿಕೇಟರ್ 49.85 ಎನ್ನುತ್ತಿದೆ, ನನ್ನ ಬೋರ್ಡು ಹಿಂದಿನ ಚೀಲದ 50.15ರಲ್ಲೇ ನಿಂತಿದೆ. ಒಂದು ಗಂಟೆ ಕೂತು ಎಣಿಸಿದೆ. ಸುಮಾರು ಐದು ಚೀಲಕ್ಕೆ ಒಂದು ಚೀಲ ಕಾಣೆ. ಹೊರಗೆ ಏಪ್ರಿಲ್ ಬಿಸಿಲು, ಶೆಡ್ಡಿನ ತಗಡು ಮುಟ್ಟಲಾಗದಷ್ಟು ಕಾದಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಹೋದರೆ ಒಂದು ಚೀಲವೂ ತಪ್ಪಲಿಲ್ಲ.

ಮೊದಲು ಸಪ್ಲೈ ಮೇಲೆ ಅನುಮಾನ ಬಂತು. ಬದಲಾಯಿಸಿದೆ, ಉಪಯೋಗ ಆಗಲಿಲ್ಲ. ಕನೆಕ್ಟರ್ ಮತ್ತೆ ಬೆಸುಗೆ ಹಾಕಿದೆ, ಅದೂ ಅಲ್ಲ. ಆಮೇಲೆ ವೈರಿನ ಮೇಲಿನ 0, 1ಗಳನ್ನು ರೆಕಾರ್ಡ್ ಮಾಡುವ ಲಾಜಿಕ್ ಅನಲೈಸರ್ ತಂದೆ. ಎಂಟು ಚಾನೆಲ್ಲಿನ, 24 ಮೆಗಾಹರ್ಟ್ಸಿನ ಸಾಧಾರಣದ್ದು. ಅದರ ಪಲ್ಸ್‌ವ್ಯೂ ಸಾಫ್ಟ್‌ವೇರಿನಲ್ಲಿ ಮೊದಲ ಸಲ ಸ್ಯಾಂಪಲ್ ವೇಗ 200 ಕಿಲೊಹರ್ಟ್ಸ್ ಇಟ್ಟಿದ್ದೆ, ಜಾಸ್ತಿ ಹೊತ್ತು ರೆಕಾರ್ಡ್ ಆಗಲಿ ಎಂದು. ಬಿಟ್ಟಿನ ಅಗಲ ಒಮ್ಮೆ 105, ಒಮ್ಮೆ 110 ಮೈಕ್ರೊಸೆಕೆಂಡ್ ಬಂತು. 200 ಕಿಲೊಹರ್ಟ್ಸ್ ಅಂದರೆ 5 ಮೈಕ್ರೊಸೆಕೆಂಡಿಗೆ ಒಂದು ನೋಟ. ಅದಕ್ಕಿಂತ ಸಣ್ಣ ವ್ಯತ್ಯಾಸ ಅದರ ಕಣ್ಣಿಗೆ ಕಾಣುವುದೇ ಇಲ್ಲ. ವೇಗವನ್ನು 24 ಮೆಗಾಹರ್ಟ್ಸಿಗೆ ಏರಿಸಿದೆ.

ಒಂದು ಬಿಟ್ ಅಳೆಯುವುದಕ್ಕಿಂತ ಏಳು ಬಿಟ್ ಅಳೆದು ಭಾಗಿಸುವುದು ಒಳ್ಳೆಯದು. ಇದಕ್ಕೆ '5' ಎಂಬ ಅಂಕಿ ಬಹಳ ಅನುಕೂಲ. ಅದರ ಬಿಟ್‌ಗಳು ಲೈನಿನ ಮೇಲೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ 0 1 0 1 0 1 1 0 0 1 ಎಂದು ಬರುತ್ತವೆ. ಸ್ಟಾರ್ಟ್ ಬಿಟ್ಟಿನಲ್ಲಿ ಲೈನ್ ಬೀಳುತ್ತದೆ. ಸರಿಯಾಗಿ ಏಳು ಬಿಟ್ ಆದ ಮೇಲೆ ಮತ್ತೊಮ್ಮೆ ಬೀಳುತ್ತದೆ. ಬೀಳುವ ಅಂಚಿನಿಂದ ಬೀಳುವ ಅಂಚಿಗೇ ಅಳೆಯಬೇಕು. ಏರುವ ಅಂಚೂ ಬೀಳುವ ಅಂಚೂ ಉದ್ದ ಕೇಬಲ್ಲಿನಲ್ಲಿ ಒಂದೇ ಸಮ ತಡವಾಗುವುದಿಲ್ಲ.

ಬೆಳಿಗ್ಗೆ ಏಳು ಬಿಟ್ಟಿಗೆ 739.2 ಮೈಕ್ರೊಸೆಕೆಂಡ್ ಬಂತು, ಅಂದರೆ ಬಿಟ್ಟಿಗೆ 105.6. ಮಧ್ಯಾಹ್ನ ಎರಡು ಗಂಟೆಗೆ 744.8, ಬಿಟ್ಟಿಗೆ 106.4. ಬಿಸಿ ಏರಿದ ಹಾಗೆ ಕಾಟಾದ ಗಡಿಯಾರ ನಿಧಾನ ಆಗುತ್ತಿದೆ. ಒಳಗೆ ಕ್ರಿಸ್ಟಲ್ ಬದಲು ಆರ್‌ಸಿ ಆಸಿಲೇಟರ್ (ರೆಸಿಸ್ಟರ್, ಕೆಪಾಸಿಟರ್ ಬಳಸಿದ ಗಡಿಯಾರ) ಇದ್ದರೆ ಹೀಗೆ ಆಗಬಹುದು. ಆದರೆ ಇದಕ್ಕೆ ಕಾಟಾವನ್ನು ಬೈಯಲು ಮನಸ್ಸಾಗಲಿಲ್ಲ. 106.4 ಅಂದರೆ ಬರೀ ಎರಡು ಪ್ರತಿಶತ ನಿಧಾನ. ಅಷ್ಟು ಹೆಚ್ಚುಕಮ್ಮಿಯನ್ನು ಇಂಥ ಸೀರಿಯಲ್ (ಯುಎಆರ್‌ಟಿ) ರಿಸೀವರ್ ಯಾವಾಗಲೂ ತಡೆದುಕೊಳ್ಳಬೇಕು. ನನ್ನದು ಯಾಕೆ ತಡೆಯಲಿಲ್ಲ?

ಟಿಕ್ ಅಳೆದದ್ದು

ಟಿಕ್ ಸಿಗ್ನಲನ್ನು ಖಾಲಿ ಇದ್ದ ಒಂದು ಪಿನ್ನಿಗೆ ತಂದೆ. ಅನಲೈಸರ್‌ನಲ್ಲಿ ಕೆಲವು ಟಿಕ್ ಕಂಡವು, ಕೆಲವು ಮಾಯ. ಎದೆ ಧಸಕ್ ಎಂದಿತು, ಎಫ್‌ಪಿಜಿಎಯೇ ಟಿಕ್ ತಪ್ಪಿಸುತ್ತಿದೆಯಾ ಎಂದು. ಸ್ವಲ್ಪ ಹೊತ್ತಿನ ಮೇಲೆ ಲೆಕ್ಕ ಹೊಳೆಯಿತು. ಟಿಕ್‌ನ ಅಗಲ ಒಂದೇ ಕ್ಲಾಕ್, 37 ನ್ಯಾನೊಸೆಕೆಂಡ್. ಅನಲೈಸರ್ 41.67 ನ್ಯಾನೊಸೆಕೆಂಡಿಗೆ ಒಮ್ಮೆ ನೋಡುತ್ತದೆ. ಎರಡು ನೋಟಗಳ ನಡುವೆ ಇಡೀ ಟಿಕ್ ಬಂದು ಹೋಗಿಬಿಡಬಹುದು. ಹಾಗಾಗಿ ಪ್ರತಿ ಟಿಕ್‌ಗೂ ಮಗುಚಿಕೊಳ್ಳುವ ಒಂದು ಫ್ಲಿಪ್-ಫ್ಲಾಪ್ ಸೇರಿಸಿ, ಅದನ್ನು ಪಿನ್ನಿಗೆ ಕೊಟ್ಟೆ. ಈಗ ಚಂದದ ಚೌಕ ಅಲೆ ಬಂತು. ಒಂದು ಅಂಚಿನಿಂದ ಮುಂದಿನ ಅಂಚಿಗೆ 6.333 ಮೈಕ್ರೊಸೆಕೆಂಡ್.

16 ಟಿಕ್‌ಗೆ 101.33. ಇರಬೇಕಾದದ್ದು 104.17.

ಕಾಟಾ ಎರಡು ಪ್ರತಿಶತ ನಿಧಾನ, ನನ್ನ ರಿಸೀವರ್ ಸುಮಾರು ಮೂರು ಪ್ರತಿಶತ ಅವಸರ. ಎರಡೂ ಸೇರಿ ಐದರ ಹತ್ತಿರ. ಮಧ್ಯಾಹ್ನದ 106.4ರ ಲೆಕ್ಕದಲ್ಲಿ ಸ್ಟಾಪ್ ಬಿಟ್ ಶುರುವಾಗುವುದು 957.6 ಮೈಕ್ರೊಸೆಕೆಂಡಿಗೆ. ನನ್ನ ರಿಸೀವರ್ ಅದನ್ನು ನೋಡುವುದು 151ರಿಂದ 152 ಟಿಕ್‌ಗಳ ನಡುವೆ (ಮೊದಲು 7, ಆಮೇಲೆ ಒಂಬತ್ತು ಸಲ 16), ಅಂದರೆ 956.3ರಿಂದ 962.7ರ ಒಳಗೆ ಎಲ್ಲೋ. ಆ ಆರು ಚಿಲ್ಲರೆ ಮೈಕ್ರೊಸೆಕೆಂಡಿನಲ್ಲಿ ಮೊದಲ 1.3 ಮೈಕ್ರೊಸೆಕೆಂಡ್ ಇನ್ನೂ ಎಂಟನೇ ಡೇಟಾ ಬಿಟ್ಟಿನ ಬಾಲ. ಆಸ್ಕಿ ಎಂಬ ಅಕ್ಷರ ಸಂಕೇತದ ಅಂಕಿಗಳಲ್ಲಿ ಆ ಬಿಟ್ ಯಾವಾಗಲೂ 0. ಆಗ ಸ್ಟಾಪ್ ಬಿಟ್ 0 ಎಂದು ಕಾಣುತ್ತದೆ. ಐದರಲ್ಲಿ ಒಂದು ಪಾಲು!

ಇನ್ನೊಂದು ಮಾತೂ ಇಲ್ಲೇ ಬಿಡಿಸಿಕೊಂಡಿತು. ಒಂದೊಂದು ಅಕ್ಷರ ಕೆಡುವ ಬದಲು ಇಡೀ ಸಾಲಿಗೆ ಸಾಲೇ ಯಾಕೆ ಕೆಡುತ್ತಿತ್ತು ಎಂದು ತಲೆ ಕೆರೆದುಕೊಂಡಿದ್ದೆ. ಹತ್ತು ಬಿಟ್ಟಿನ ಒಂದು ಅಕ್ಷರ 1064 ಮೈಕ್ರೊಸೆಕೆಂಡ್. ಅದು ನನ್ನ ಟಿಕ್‌ನಲ್ಲಿ ಸರಿಯಾಗಿ 168. ಮೊದಲ ಅಕ್ಷರ ಟಿಕ್‌ನ ಯಾವ ಜಾಗದಲ್ಲಿ ಬೀಳುತ್ತದೋ ಉಳಿದ ಒಂಬತ್ತೂ ಅದೇ ಜಾಗದಲ್ಲಿ ಬೀಳುತ್ತವೆ. ಕೆಟ್ಟರೆ ಎಲ್ಲವೂ ಕೆಡುತ್ತವೆ, ಉಳಿದರೆ ಎಲ್ಲವೂ ಉಳಿಯುತ್ತವೆ. ಕಾಗದದ ಮೇಲೆ 168 ಬಂದಾಗ ಪೆನ್ನು ಕೆಳಗಿಟ್ಟು ಒಂದು ನಿಮಿಷ ಸುಮ್ನೆ ಕೂತೆ. ಅಷ್ಟು ಖುಷಿ ಆಯಿತು.

171 ಎಲ್ಲಿಂದ ಬಂತು

ಕೋಡ್ ತೆಗೆದು ನೋಡಿದರೆ ಭಾಜಕ 176 ಇಲ್ಲ, 171 ಇದೆ. ಬರೆದದ್ದು ನಾನೇ. ಯಾಕೆ? ನೋಟ್‌ಬುಕ್ ತಿರುವಿದೆ.

ಮಾರ್ಚ್ 6ರ ಪುಟದಲ್ಲಿ ಭಾಜಕ 176, ಸಿಮ್ಯುಲೇಷನ್‌ನಲ್ಲಿ 16 ಟಿಕ್ ಅಳತೆ 104.299 ಮೈಕ್ರೊಸೆಕೆಂಡ್, ಪಕ್ಕದಲ್ಲಿ ಸರಿ ಗುರುತು. ಮಾರ್ಚ್ 24ರ ಪುಟದಲ್ಲಿ ಅದೇ 176, ಅಳತೆ 107.008. ಕೆಳಗೆ ನನ್ನದೇ ಅಕ್ಷರದಲ್ಲಿ "ಎಣಿಕೆ ತಪ್ಪಿದೆ, 171 ಮಾಡಿದೆ, ಈಗ 103.968, ಸರಿ ಹೋಯಿತು."

ಈ ಎರಡು ಪುಟಗಳ ನಡುವೆ, ಟಿಕ್ ಮಾಡುವ ಬಾಡ್ ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ. ಮೊದಲು ಬಾಡ್, ಆರ್‌ಎಕ್ಸ್ (ರಿಸೀವರ್), ಟೆಸ್ಟ್‌ಬೆಂಚ್ (ಕಾಟಾದ ಬದಲು ಸಿಗ್ನಲ್ ಕೊಟ್ಟು ಪರೀಕ್ಷಿಸುವ ಕೋಡ್) ಎಂದು ಮೂರೇ ಫೈಲ್ ಹೆಸರಿಸಿ ಐಕಾರಸ್ ವೆರಿಲಾಗ್ ಎಂಬ ಸಿಮ್ಯುಲೇಟರಿಗೆ ಕೊಡುತ್ತಿದ್ದೆ. ಡಿಸ್ಪ್ಲೇ ಫೈಲ್ ಸೇರಿದ ಮೇಲೆ ನಕ್ಷತ್ರ ಚಿಹ್ನೆ ಹಾಕಿ ಫೋಲ್ಡರಿನ ಎಲ್ಲ ಫೈಲೂ ಒಟ್ಟಿಗೆ ಕೊಟ್ಟೆ. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಬಾಡ್ ಆದ ಮೇಲೆ ಡಿಸ್ಪ್ಲೇ, ಆಮೇಲೆ ಆರ್‌ಎಕ್ಸ್, ಕೊನೆಗೆ ಟೆಸ್ಟ್‌ಬೆಂಚ್.

ಸಿಮ್ಯುಲೇಷನ್ನಿನ ಅಲೆಗಳನ್ನು ತೋರಿಸುವ ಜಿಟಿಕೆವೇವ್ ತೆರೆದು ಈ ಸಲ ಟಿಕ್ ಬಿಟ್ಟು ಕ್ಲಾಕನ್ನೇ ಅಳೆದೆ. ಒಂದು ಏರು ಅಂಚಿನಿಂದ ಮುಂದಿನದಕ್ಕೆ 38000 ಪಿಕೊಸೆಕೆಂಡ್. ಮೂರು ಸೊನ್ನೆ, ಒಂದು ಚೂರೂ ಆಚೀಚೆ ಇಲ್ಲ. 27 ಮೆಗಾಹರ್ಟ್ಸಿನ ಕ್ಲಾಕ್ 37037 ಇರಬೇಕಿತ್ತು. ಟೆಸ್ಟ್‌ಬೆಂಚಿನಲ್ಲಿ ಅರ್ಧ ಅವಧಿ 18.519 ಎಂದೇ ಬರೆದಿದ್ದೇನೆ. ಸಿಮ್ಯುಲೇಟರ್ ಅದನ್ನು 19 ಮಾಡಿಕೊಂಡಿದೆ.

ವೆರಿಲಾಗ್‌ನಲ್ಲಿ ಹ್ಯಾಶ್ ಚಿಹ್ನೆ ಹಾಕಿ 18.519 ಎಂದು ಬರೆದರೆ ಅದು ಡಿಲೇ, ಅಷ್ಟು ಹೊತ್ತು ಕಾಯಿ ಎಂದು ಅರ್ಥ. ಆದರೆ ಅದು ಬರೀ ಸಂಖ್ಯೆ. ಸೆಕೆಂಡಾ, ನ್ಯಾನೊಸೆಕೆಂಡಾ ಎಂದು ಹೇಳುವುದು ಫೈಲಿನ ಮೇಲಿನ ಟೈಮ್‌ಸ್ಕೇಲ್ ಸಾಲು. ಅದರಲ್ಲಿ ಎರಡು ಭಾಗ. ಮೊದಲನೆಯದು ಯೂನಿಟ್, ಎರಡನೆಯದು ಪ್ರಿಸಿಷನ್. ಕಾಟಾದ ಭಾಷೆಯಲ್ಲಿ ಹೇಳಿದರೆ ಯೂನಿಟ್ ಅಂದರೆ ಕಿಲೊ, ಪ್ರಿಸಿಷನ್ ಅಂದರೆ ಕಾಟಾ ತೋರಿಸಬಲ್ಲ ಅತಿ ಸಣ್ಣ ಹೆಜ್ಜೆ. ಒಂದೊಂದೇ ಕಿಲೊ ತೋರಿಸುವ ಕಾಟಾದ ಮೇಲೆ 18.519 ಕಿಲೊ ಇಟ್ಟರೆ ಅದು 19 ಎನ್ನುತ್ತದೆ. ಒಂದೊಂದು ಗ್ರಾಂ ತೋರಿಸುವ ಕಾಟಾ 18.519 ಎನ್ನುತ್ತದೆ. ಬಾಡ್ ಫೈಲಿನ ಮೇಲೆ 1 ನ್ಯಾನೊಸೆಕೆಂಡ್, 1 ಪಿಕೊಸೆಕೆಂಡ್ ಎಂದು ಬರೆದಿದ್ದೆ. ಡಿಸ್ಪ್ಲೇ ಫೈಲು ನನ್ನದೇ ಹಳೆಯ ಕೆಲಸದಿಂದ ತಂದದ್ದು. ಅದರ ಮೇಲೆ 1 ನ್ಯಾನೊಸೆಕೆಂಡ್, 1 ನ್ಯಾನೊಸೆಕೆಂಡ್ ಇತ್ತು. ಟೆಸ್ಟ್‌ಬೆಂಚಿನ ಮೇಲೆ ಏನೂ ಇರಲಿಲ್ಲ.

ಟೈಮ್‌ಸ್ಕೇಲ್ ಸಾಲು ತನ್ನ ಫೈಲಿನ ಕೊನೆಗೆ ನಿಲ್ಲುವುದಿಲ್ಲ. ಇನ್ನೊಂದು ಟೈಮ್‌ಸ್ಕೇಲ್ ಸಾಲು ಬರುವವರೆಗೆ, ಕಂಪೈಲ್ ಆಗುವ ಕ್ರಮದಲ್ಲಿ, ಮುಂದಿನ ಫೈಲುಗಳಿಗೂ ಹರಿಯುತ್ತದೆ. ಮಾರ್ಚ್ 6ರಂದು ಟೆಸ್ಟ್‌ಬೆಂಚಿಗೆ ಬಾಡ್ ಫೈಲಿನ ಟೈಮ್‌ಸ್ಕೇಲ್ ಸಿಕ್ಕಿತ್ತು. ಮಾರ್ಚ್ 24ರಂದು ಡಿಸ್ಪ್ಲೇ ಫೈಲಿನದು ಸಿಕ್ಕಿತು. ಇಡೀ ಸಿಮ್ಯುಲೇಷನ್ನಿನ ಹೆಜ್ಜೆ ಎಲ್ಲ ಮಾಡ್ಯೂಲುಗಳಲ್ಲಿ (ಕೋಡಿನ ಬಿಡಿ ಭಾಗಗಳಲ್ಲಿ) ಅತಿ ಸಣ್ಣ ಪ್ರಿಸಿಷನ್ ಯಾವುದೋ ಅದು, ಇಲ್ಲಿ 1 ಪಿಕೊಸೆಕೆಂಡ್. ಅದಕ್ಕೇ ಜಿಟಿಕೆವೇವ್ ಪಿಕೊಸೆಕೆಂಡಿನಲ್ಲಿ ತೋರಿಸುತ್ತಿತ್ತು, ನಾನೂ ಎಲ್ಲ ಸೂಕ್ಷ್ಮವಾಗಿಯೇ ಇದೆ ಎಂದುಕೊಂಡಿದ್ದೆ. ಆದರೆ ಒಂದು ಮಾಡ್ಯೂಲಿನ ಡಿಲೇ ಆ ಮಾಡ್ಯೂಲಿನದೇ ಪ್ರಿಸಿಷನ್ನಿಗೆ ಮೊದಲು ದುಂಡಾಗುತ್ತದೆ. 18.519 ಆಗಲೇ 19 ಆಗಿಹೋಗಿತ್ತು.

ನಾನು ಪ್ರಿಂಟ್ ಹಾಕಿಯೂ ನೋಡಿದ್ದೆ, ಆದರೂ ಸಿಗಲಿಲ್ಲ. ಡಾಲರ್-ಟೈಮ್ ಎಂಬ ಫಂಕ್ಷನ್ ಸಮಯವನ್ನು ಯೂನಿಟ್ಟಿಗೆ ದುಂಡಾಗಿಸಿ ಪೂರ್ಣಸಂಖ್ಯೆ ಕೊಡುತ್ತದೆ. ಸರಿಯಾದ ಕ್ಲಾಕಿನ ಅಂಚುಗಳು ಅದರಲ್ಲಿ 19, 37, 56, 74 ಎಂದು ಬರುತ್ತವೆ. ಕೆಟ್ಟ ಕ್ಲಾಕಿನವು 19, 38, 57, 76. ಮೊದಲ ಸಂಖ್ಯೆ ಎರಡರಲ್ಲೂ 19. ಎರಡನೆಯದರಲ್ಲಿ ಒಂದರ ವ್ಯತ್ಯಾಸ. ದುಂಡಾಗುವಾಗ ಅಷ್ಟು ಆಗುತ್ತದೆ ಎಂದು ಬಿಟ್ಟಿದ್ದೆ. ಡಾಲರ್-ರಿಯಲ್‌ಟೈಮ್ ಬಳಸಿದ್ದರೆ 37.038 ಅಥವಾ 38 ಎಂದು ನೇರವಾಗಿ ಹೇಳುತ್ತಿತ್ತು. ಈಗ ಲ್ಯಾಬ್‌ನಲ್ಲಿ ಹುಡುಗರಿಗೆ ಅದನ್ನೇ ಬಳಸಲು ಹೇಳುತ್ತಿದ್ದೇನೆ.

ಎಚ್ಚರಿಕೆ ಕೊಡುವವರು ಇರಲಿಲ್ಲ ಎಂದೂ ಹೇಳಲಾಗದು. ಐಕಾರಸ್‌ನಲ್ಲಿ ಎಲ್ಲ ವಾರ್ನಿಂಗ್ ತೋರಿಸು ಎಂಬ ಆಯ್ಕೆ ಹಾಕಿದರೆ, ಈ ಮಾಡ್ಯೂಲ್ ಬೇರೆ ಫೈಲಿನಿಂದ ಟೈಮ್‌ಸ್ಕೇಲ್ ಪಡೆದಿದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾನು ಆ ಆಯ್ಕೆ ಹಾಕಿರಲಿಲ್ಲ. ಯಾವ ಫೈಲಿನಲ್ಲೂ ಟೈಮ್‌ಸ್ಕೇಲ್ ಇಲ್ಲದಿದ್ದರೆ ಐಕಾರಸ್ ಯೂನಿಟ್ಟನ್ನು 1 ಸೆಕೆಂಡ್ ಎಂದು ಹಿಡಿಯುತ್ತದೆ. ಒಂದು ರೀತಿಯಲ್ಲಿ ಅದೇ ವಾಸಿ, ತಪ್ಪು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ನನ್ನ ತಪ್ಪು ಬರೀ 2.6 ಪ್ರತಿಶತದ್ದು. ಅಷ್ಟು ಸಣ್ಣದಾಗಿದ್ದರಿಂದಲೇ ಅಡಗಿ ಕೂತಿತು.

ಅಸಲು ನಷ್ಟ ಆದದ್ದು ನನ್ನ ತಿದ್ದುಪಡಿಯಿಂದ. ಸಿಮ್ಯುಲೇಟರಿನ ಕ್ಲಾಕ್ ಕೆಟ್ಟಿತ್ತು, ನಾನು ಹಾರ್ಡ್‌ವೇರ್ ತಿದ್ದಿದೆ. ಕೋಡನ್ನು ಚಿಪ್ಪಿನ ಸರ್ಕ್ಯೂಟ್ ಮಾಡುವ ಸಿಂಥೆಸಿಸ್ ಈ ಡಿಲೇಗಳನ್ನು ನೋಡುವುದೇ ಇಲ್ಲ. ಚಿಪ್ಪಿಗೆ ಹೋದದ್ದು 171 ಮಾತ್ರ. ಅಲ್ಲಿ ಅದಕ್ಕೆ ಸಿಕ್ಕಿದ್ದು ನಿಜವಾದ 27 ಮೆಗಾಹರ್ಟ್ಸ್.

ಬೇರೆ ಭಾಷೆಗಳಲ್ಲಿ

ವಿಎಚ್‌ಡಿಎಲ್ ಎಂಬ ಇನ್ನೊಂದು ಹಾರ್ಡ್‌ವೇರ್ ಭಾಷೆ ಕಲಿಸುವ ಗೆಳತಿಗೆ ಇದನ್ನು ಹೇಳಿದೆ. ಅವಳು "ನಮ್ಮಲ್ಲಿ ಸಮಯಕ್ಕೆ ಅದರದೇ ಟೈಪ್ ಇದೆ, ಬರೀ ಸಂಖ್ಯೆ ಬರೆಯೋಕೇ ಬಿಡಲ್ಲ" ಎಂದಳು. ನಿಜ. ಅಲ್ಲಿ 18.519 ಪಕ್ಕದಲ್ಲಿ ನ್ಯಾನೊಸೆಕೆಂಡ್ ಎಂದು ಬರೆಯಲೇಬೇಕು. ಮೂಲ ಅಳತೆ ಫೆಮ್ಟೊಸೆಕೆಂಡ್. ಫೈಲಿನಿಂದ ಫೈಲಿಗೆ ಏನೂ ಹರಿಯುವುದಿಲ್ಲ. ಆದರೂ ಸಿಮ್ಯುಲೇಟರಿನ ರೆಸಲ್ಯೂಷನ್ ಒರಟಾಗಿ ಇಟ್ಟರೆ ಚಿಲ್ಲರೆ ಅಲ್ಲಿಯೂ ಉಳಿಯುವುದಿಲ್ಲ.

ವೆರಿಲಾಗ್‌ನ ಮುಂದುವರಿದ ರೂಪವಾದ ಸಿಸ್ಟಂ ವೆರಿಲಾಗ್‌ನಲ್ಲಿ ಡಿಲೇಗೆ ಅಂಟಿಸಿಯೇ ನ್ಯಾನೊಸೆಕೆಂಡ್ ಎಂದು ಬರೆಯಬಹುದು. ಇದರಿಂದ ಯೂನಿಟ್ಟಿನ ಗೊಂದಲ ಹೋಗುತ್ತದೆ, ಪ್ರಿಸಿಷನ್ನಿನದು ಹೋಗುವುದಿಲ್ಲ. ಮಾಡ್ಯೂಲಿನ ಪ್ರಿಸಿಷನ್ 1 ನ್ಯಾನೊಸೆಕೆಂಡ್ ಇದ್ದರೆ ಅದೂ 19ಕ್ಕೇ ದುಂಡಾಗುತ್ತದೆ. ಮಾಡ್ಯೂಲಿನ ಒಳಗೇ ಟೈಮ್‌ಯೂನಿಟ್, ಟೈಮ್‌ಪ್ರಿಸಿಷನ್ ಎಂಬ ಎರಡು ಸಾಲು ಬರೆದರೆ ಪಕ್ಕದ ಫೈಲಿನ ಗಾಳಿ ತಾಗುವುದಿಲ್ಲ. ಸಿಸ್ಟಂ ವೆರಿಲಾಗ್ ಬರೆಯುವಾಗ ಅದನ್ನೇ ಮಾಡುತ್ತೇನೆ. ಈ ಸಲ ನಾಲ್ಕೂ ಫೈಲಿಗೆ ಟೈಮ್‌ಸ್ಕೇಲ್ ಸಾಲು ಹಾಕಿ, ಎಲ್ಲದರಲ್ಲೂ 1 ನ್ಯಾನೊಸೆಕೆಂಡ್, 1 ಪಿಕೊಸೆಕೆಂಡ್ ಮಾಡಿದೆ. ಕ್ಲಾಕ್ 37.038 ಬಂತು. ನಿಜದ ಬೆಲೆಗಿಂತ ಹತ್ತು ಲಕ್ಷಕ್ಕೆ 26ರಷ್ಟು ಮಾತ್ರ ಜಾಸ್ತಿ. ಕ್ರಿಸ್ಟಲ್ಲೇ ಅಷ್ಟು ಹೆಚ್ಚುಕಮ್ಮಿ ಇರುತ್ತದೆ. ಭಾಜಕ ಮತ್ತೆ 176.

ಟೆಸ್ಟ್‌ಬೆಂಚಿನ ಇನ್ನೊಂದು ಹುಳುಕು

ಫೈಲುಗಳ ಕ್ರಮದಿಂದ ಇಷ್ಟಾಯಿತಲ್ಲ ಎಂದು ಬೇಕೆಂದೇ ಕ್ರಮ ಅದಲು ಬದಲು ಮಾಡಿ ಓಡಿಸಿದೆ. ಟೈಮ್‌ಸ್ಕೇಲ್ ಎಲ್ಲ ಕಡೆ ಒಂದೇ ಇದ್ದರೂ ಒಂದು ಕ್ರಮದಲ್ಲಿ ಮೊದಲ ಅಕ್ಷರ ಕಾಣೆಯಾಗಿ ಕೊನೆಗೆ ಕಸ ಬಂತು.

ರಿಸೀವರ್ ಹಿಂದೆ ಒಂದು ಸಣ್ಣ ಫೈಫೊ ಇದೆ, ಬಂದ ಅಕ್ಷರಗಳನ್ನು ಸರದಿಯಲ್ಲಿ ಇಟ್ಟುಕೊಳ್ಳುವ ಜಾಗ. ಟೆಸ್ಟ್‌ಬೆಂಚ್ ಒಂದು ಏರು ಅಂಚಿನಲ್ಲಿ, ಇದನ್ನು ದಾಟಿಸಿ ಮುಂದಿನದು ಕೊಡು ಎನ್ನುವ ಆ್ಯಕ್ ಸಿಗ್ನಲನ್ನು 1 ಮಾಡಿ, ಮುಂದಿನ ಅಂಚಿನಲ್ಲಿ ಡೇಟಾ ಓದುತ್ತಿತ್ತು. ಆ್ಯಕ್ 1 ಮಾಡಲು ಬರೀ ಸಮ ಚಿಹ್ನೆ, ಅಂದರೆ ಬ್ಲಾಕಿಂಗ್ ಅಸೈನ್‌ಮೆಂಟ್ ಬಳಸಿದ್ದೆ. ಒಂದೇ ಅಂಚಿಗೆ ಕಾಯುತ್ತಿರುವ ಎರಡು ಬ್ಲಾಕುಗಳಲ್ಲಿ ಯಾವುದು ಮೊದಲು ಓಡಬೇಕು ಎಂದು ವೆರಿಲಾಗ್ ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಫೈಫೊ ಮೊದಲು ಓಡಿದರೆ ಅದಕ್ಕೆ ಹಳೆಯ ಆ್ಯಕ್ ಕಾಣುತ್ತದೆ, ಎಲ್ಲ ಸರಿ. ಟೆಸ್ಟ್‌ಬೆಂಚ್ ಮೊದಲು ಓಡಿದರೆ ಫೈಫೊಗೆ ಹೊಸ ಆ್ಯಕ್ ಅದೇ ಅಂಚಿನಲ್ಲಿ ಕಂಡು, ಮೊದಲ ಅಕ್ಷರವನ್ನು ನಾನು ಓದುವ ಮೊದಲೇ ದಾಟಿಸಿಬಿಡುತ್ತದೆ.

ಆ್ಯಕ್‌ಗೆ ನಾನ್-ಬ್ಲಾಕಿಂಗ್ ಚಿಹ್ನೆ <= ಹಾಕಿದೆ. ಆಗ ಆ ಅಂಚಿನಲ್ಲಿ ಎಲ್ಲರೂ ಓದಿ ಮುಗಿಸಿದ ಮೇಲೆಯೇ ಬೆಲೆ ಬದಲಾಗುತ್ತದೆ. ಯಾವ ಕ್ರಮದಲ್ಲಿ ಕೊಟ್ಟರೂ ಹತ್ತಕ್ಕೆ ಹತ್ತು ಅಕ್ಷರ ಬಂದವು. ಸಿಸ್ಟಂ ವೆರಿಲಾಗ್‌ನ ಕ್ಲಾಕಿಂಗ್ ಬ್ಲಾಕ್ ಇದನ್ನು ಇನ್ನೂ ಚೊಕ್ಕವಾಗಿ ಮಾಡುತ್ತದೆ. ಅದು ಸಿಗ್ನಲನ್ನು ಓದುವುದು ಅಂಚಿಗೆ ಒಂದು ಸ್ಟೆಪ್ ಮುಂಚೆ. ಆ ಸ್ಟೆಪ್ ಎಷ್ಟು ಎಂದರೆ ಇಡೀ ಸಿಮ್ಯುಲೇಷನ್ನಿನ ಅತಿ ಸಣ್ಣ ಪ್ರಿಸಿಷನ್ನಿನಷ್ಟು. ಚೀಲ ಅಲುಗಾಡುವ ಮೊದಲಿನ ಕೊನೆಯ ಅಂಕಿ ಓದಿದ ಹಾಗೆ. ಸಮಯದ ಅಳತೆಯೂ ಸ್ಯಾಂಪಲ್ ಮಾಡುವ ಜಾಗವೂ ಒಂದೇ ಪದದಲ್ಲಿ ಸೇರಿರುವುದು ನೋಡಿ ನನಗೆ ಬಹಳ ಇಷ್ಟವಾಯಿತು.

ಕಾಟಾದ ಹಾಗೆ ತಪ್ಪುವ ಟೆಸ್ಟ್

ನನ್ನ ಹಳೆಯ ಟೆಸ್ಟ್‌ಬೆಂಚ್ ಯಾವಾಗಲೂ 104.167 ಮೈಕ್ರೊಸೆಕೆಂಡಿನ ಬಿಟ್ಟನ್ನೇ ಕಳುಹಿಸುತ್ತಿತ್ತು. ಮಿಲ್ಲಿನ ಶೆಡ್ಡಿನಲ್ಲಿ ಅಂಥ ಕಾಟಾ ಇಲ್ಲ. ಈಗ ಬಿಟ್ಟಿನ ಅಗಲವನ್ನು 100ರಿಂದ 108 ಮೈಕ್ರೊಸೆಕೆಂಡಿನವರೆಗೆ ಅರ್ಧರ್ಧ ಏರಿಸುತ್ತಾ, ಪ್ರತಿ ಅಗಲಕ್ಕೂ ಸಾಲು ಶುರುವಾಗುವ ಗಳಿಗೆಯನ್ನು ಟಿಕ್‌ನೊಳಗೆ ಅಲ್ಲಿಲ್ಲಿ ಸರಿಸಿ ನೂರು ಸಾಲು ಕಳುಹಿಸುತ್ತೇನೆ. 176 ಇಟ್ಟು ಓಡಿಸಿದೆ, ಎಲ್ಲವೂ ಪಾಸ್. ಬೇಕೆಂದೇ 171 ಇಟ್ಟು ಓಡಿಸಿದೆ. 106.0ರವರೆಗೆ ಪಾಸ್, 106.5ಕ್ಕೆ ಸಾಲುಗಳು ಕಳಚಲು ಶುರುವಾದವು. ಮಿಲ್ಲಿನ ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಕಾಣಿಸಿತು.

ಜೊತೆಗೆ ಎರಡನೇ ತಪ್ಪನ್ನೂ ತಿದ್ದಿದೆ. ಈಗ ಸಾಲು ಕೆಟ್ಟರೆ ಹಳೆಯ ತೂಕ ಉಳಿಯುವುದಿಲ್ಲ. ಐದೂ ಅಂಕಿಯ ಜಾಗದಲ್ಲಿ ಅಡ್ಡಗೆರೆ ಬರುತ್ತದೆ. ಗುಮಾಸ್ತರು ಆಗ ಇಂಡಿಕೇಟರ್ ನೋಡಿ ಬರೆಯುತ್ತಾರೆ. ನಿಜವಾದ ತೂಕ ಯಾವಾಗಲೂ ಸೀಲ್ ಇರುವ ಆ ಇಂಡಿಕೇಟರಿನದೇ.

ಮೇ, ಎರಡನೇ ವಾರ

ಮಧ್ಯಾಹ್ನ ಒಂದೂವರೆಗೆ ಹೊಸ ಕೋಡ್ ಹಾಕಿದೆ. ಟಿಕ್ ಪಿನ್ ಮತ್ತೆ ಅಳೆದೆ. 16 ಟಿಕ್‌ಗೆ 104.30 ಮೈಕ್ರೊಸೆಕೆಂಡ್. ಆ ಹೊತ್ತಿಗೆ ಕಾಟಾದ ಬಿಟ್ 106.4. ಸ್ಟಾಪ್ ಬಿಟ್ ಶುರುವಾಗಿ 26 ಮೈಕ್ರೊಸೆಕೆಂಡ್ ದಾಟಿದ ಮೇಲೆಯೇ ರಿಸೀವರ್ ಈಗ ಅದನ್ನು ನೋಡುತ್ತದೆ. ಲಾರಿ ತುಂಬುವವರೆಗೆ ಕೂತಿದ್ದೆ. 120 ಚೀಲ, 120 ಸಾಲು, ಒಂದು ಸಲವೂ ಅಡ್ಡಗೆರೆ ಬರಲಿಲ್ಲ. ಗುಮಾಸ್ತರು ಕೂಗುವುದನ್ನು ನಿಲ್ಲಿಸಿ ಬೋರ್ಡ್ ನೋಡಿಯೇ ಬರೆಯುತ್ತಿದ್ದರು. ಕಾಕಾ ಮಜ್ಜಿಗೆ ತಂದುಕೊಟ್ಟು, "ಆ ಕಡಿ ಕಾಟಾಕ್ಕೂ ಒಂದ್ ಹಚ್ಚಿಬಿಡವ್ವಾ" ಎಂದರು.

ಆ ಕಡೆಯ ಕಾಟಾ 4800 ಬಾಡ್‌ನದು. ಭಾಜಕದ ಲೆಕ್ಕ 351.56, ಹಾಗಾಗಿ 352. ಹೊಸ ಫೈಲ್ ತೆರೆದಿದ್ದೇನೆ. ಸದ್ಯಕ್ಕೆ ಅದರಲ್ಲಿ ಇರುವುದು ಟೈಮ್‌ಸ್ಕೇಲ್ ಸಾಲು ಒಂದೇ.